ಸಂಡಿಗೆ ತಗಡಿನ ಬೂದಿ

ನಮ್ಮೂರಿನಲ್ಲಿ ನಡೆಯುವಾಗ ಕೆಳಗೆ ನೋಡುವುದು ಮರ್ಯಾದೆಯಲ್ಲ. ಮಕ್ಕಳು ಮಾತು ಕಲಿಯುವ ಮೊದಲೇ ಇದನ್ನು ಕಲಿಯುತ್ತಿದ್ದರು. ಎಡವಿ ಬಿದ್ದ ಮಗುವನ್ನು ಎತ್ತಿಕೊಳ್ಳುವ ತಾಯಿ ಮೊದಲು ಅದರ ಗದ್ದ ಹಿಡಿದು ಮುಖವನ್ನು ಮೇಲಕ್ಕೆ ತಿರುಗಿಸುತ್ತಿದ್ದಳು, ಮಂಡಿಯ ಗಾಯವನ್ನು ಆಮೇಲೆ ನೋಡುತ್ತಿದ್ದಳು. ಹೊಳೆಯಾಚೆಯವರು ನಮ್ಮನ್ನು ಸೊಕ್ಕಿನ ಜನ ಎನ್ನುತ್ತಿದ್ದರು. ಅವರ ಸಂತೆಗೆ ಹೋದಾಗಲೂ ನಾವು ಗದ್ದ ಎತ್ತಿಕೊಂಡೇ ನಡೆಯುತ್ತಿದ್ದೆವು. ಸಗಣಿ ತುಳಿಯುತ್ತಿದ್ದೆವು, ಕಲ್ಲು ಎಡವುತ್ತಿದ್ದೆವು, ಕೆಳಗೆ ಮಾತ್ರ ನೋಡುತ್ತಿರಲಿಲ್ಲ.

ಬೆಟ್ಟ ವರ್ಷಕ್ಕೆ ಎರಡು ಮೂರು ಸಲ ಕೆಮ್ಮುತ್ತಿತ್ತು. ಕೆಮ್ಮಿದ ಮಾರನೆಯ ಬೆಳಿಗ್ಗೆ ಬೀದಿ, ಸೂರು, ಬಾವಿಕಟ್ಟೆ ಎಲ್ಲವೂ ಬೂದಿ ಬಿದ್ದು ಒಂದೇ ಬಣ್ಣವಾಗಿರುತ್ತಿದ್ದವು. ಆ ಹೊಸ ಬೂದಿಯಲ್ಲಿ ಕಾಲಿಟ್ಟರೆ ಪಾದ ಒಂದು ಬೆರಳು ಆಳಕ್ಕೆ ಮೂಡುತ್ತಿತ್ತು. ಆಗತಾನೆ ನಡೆಯಲು ಕಲಿತ ಮಗುವಿನದೂ ಅಷ್ಟೇ ಆಳ, ಗಿರಣಿಯ ದಢೂತಿ ಪುಟ್ಟರುದ್ರನದೂ ಅಷ್ಟೇ ಆಳ. ಒಂದು ವರ್ಷ ತುಂಬುವುದರೊಳಗೆ ಸಾಯುವವರ ಪಾದ ಮೂಡುತ್ತಿರಲಿಲ್ಲ. ಇದನ್ನು ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗೊತ್ತಿಲ್ಲದವರೂ ಇರಲಿಲ್ಲ.

ಹಾಗಾಗಿ ಬೂದಿ ಬಿದ್ದ ಬೆಳಿಗ್ಗೆ ಯಾರೂ ಒಂಟಿಯಾಗಿ ಬೀದಿಗಿಳಿಯುವಂತಿರಲಿಲ್ಲ. ನಮ್ಮೂರಿಗೆ ಇದ್ದದ್ದು ಒಂದೇ ಉದ್ದನೆಯ ಬೀದಿ. ಅದರ ಎರಡೂ ಬದಿಯ ಮನೆಗಳ ಜಗಲಿಗಳನ್ನು ಒಂದಕ್ಕೊಂದು ತಾಗಿಸಿಯೇ ಕಟ್ಟಿದ್ದರು. ನನ್ನ ಅಕ್ಕ ದ್ಯಾವಕ್ಕ ಕಂಚಿನ ತಟ್ಟೆ ಬಡಿದೊಡನೆ ಜನ ಸೂರಿನ ಕೆಳಗೆ ಜಗಲಿಯಿಂದ ಜಗಲಿಗೆ ದಾಟುತ್ತ ಬೀದಿಯ ಮೇಲ್ತುದಿಗೆ ಬಂದು ಸೇರುತ್ತಿದ್ದರು. ಅಲ್ಲಿ ತೋಳಿಗೆ ತೋಳು ಹೆಣೆದು, ಒತ್ತೊತ್ತಾಗಿ, ಇಡೀ ಊರು ಒಟ್ಟಿಗೆ ಕೆಳಗಿಳಿದು ಬಾವಿಯವರೆಗೆ ನಡೆಯುತ್ತಿತ್ತು. ಗದ್ದ ಮೇಲೆ, ಮಾತು ಜೋರು: ಯಾರ ಮನೆಯಲ್ಲಿ ಏನು ಸಾರು, ಯಾರ ಎಮ್ಮೆ ಈದಿದೆ. ಸಾಲಿನ ಬೆನ್ನಿಗೇ ಕಸಬರಿಗೆಯವರು ಬಂದು ಬೂದಿಯನ್ನು ಗುಡಿಸಿ ಬುಟ್ಟಿಗೆ ತುಂಬುತ್ತಿದ್ದರು. ಇನ್ನೂರು ಜನ ತುಳಿದ ಬೂದಿಯಲ್ಲಿ ಯಾರ ಹೆಜ್ಜೆ ಇದೆ, ಯಾರದಿಲ್ಲ ಎಂದು ಯಾರಿಗೆ ಗೊತ್ತಾಗಬೇಕು? "ಒಬ್ಬರಿಗಿಲ್ಲದ ಕಾಲನ್ನ ನೂರು ಜನರ ಕಾಲು ಮುಚ್ಚುತ್ತೆ" ಎಂದು ಅಕ್ಕ ಹೇಳುತ್ತಿದ್ದಳು.

ನಾನು ಹೊಳೆಯಾಚೆಯ ಪಟ್ಟಣದ ಕಾಲೇಜಿನಲ್ಲಿ ಭೂವಿಜ್ಞಾನ ಓದಿ ಬಂದವನು. ಊರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಹೊಳೆಯಾಚೆಯ ದಿಣ್ಣೆಯ ಮೇಲೆ ಭೂಕಂಪ ಅಳೆಯುವ ಯಂತ್ರವಿದ್ದ ಒಂದು ಕೋಣೆಯಿತ್ತು. ಅದರ ಉಸ್ತುವಾರಿಯೂ ನನ್ನದೇ. ಪ್ರತಿ ಗುರುವಾರ ಸೇತುವೆ ದಾಟಿ ಹೋಗಿ, ಉರುಳೆಯ ಕಾಗದ ಬದಲಿಸಿ, ಸೂಜಿಗೆ ಮಸಿ ಹಾಕಿ, ಬೂದಿ ಬಿದ್ದ ವಾರವಾದರೆ ಅದರ ಮಾದರಿಯನ್ನು ಡಬ್ಬಿಯಲ್ಲಿ ತುಂಬಿಟ್ಟು ಬರುತ್ತಿದ್ದೆ. ಊರಿನಲ್ಲಿ ನನ್ನ ಮಾತು ನಡೆಯುತ್ತಿತ್ತು. ಹಸುಗಳ ಹಲ್ಲು ಕಪ್ಪಾಗಿ ಮಂಡಿ ಊದಿಕೊಂಡಾಗ ಅದು ಬೂದಿಯಲ್ಲಿರುವ ಫ್ಲೋರೈಡಿನಿಂದ, ಹುಲ್ಲನ್ನು ತೊಳೆದು ಹಾಕಿ ಎಂದಿದ್ದೆ; ತೊಳೆದರು, ಹಸುಗಳು ಚೇತರಿಸಿಕೊಂಡವು. ಮಳೆಯಲ್ಲಿ ನೆನೆದ ಬೂದಿ ಒಣ ಬೂದಿಗಿಂತ ತುಂಬ ಭಾರ, ಮೋಡ ಕಂಡೊಡನೆ ಸೂರು ಗುಡಿಸಿ ಎಂದಿದ್ದೆ. ಆಮೇಲೆ ಒಂದು ತೊಲೆಯೂ ಮುರಿಯಲಿಲ್ಲ. ಹೆಜ್ಜೆಯ ವಿಷಯಕ್ಕೆ ಮಾತ್ರ ನಾನು ಹೋಗಿರಲಿಲ್ಲ. ಭಾರ ಬೇರೆ ಬೇರೆಯಿದ್ದರೂ ಆಳ ಒಂದೇ ಹೇಗೆ ಎಂದು ವಿದ್ಯಾರ್ಥಿಯಾಗಿದ್ದಾಗ ಮೂರು ಪುಟ ಲೆಕ್ಕ ಮಾಡಿ ಹರಿದು ಹಾಕಿದ್ದೆ, ಅಷ್ಟೆ.

ಎಂಟು ವರ್ಷದ ಹಿಂದೆ, ಒಂದು ಬೂದಿಯ ಬೆಳಿಗ್ಗೆ, ತಟ್ಟೆ ಬಡಿಯುವ ಮೊದಲು ನಮ್ಮ ಕರು ಹಗ್ಗ ಬಿಚ್ಚಿಕೊಂಡು ಹಿತ್ತಿಲಿಗೆ ನುಗ್ಗಿತು. ನನ್ನ ಹೆಂಡತಿ ವನಜೆ ಅದನ್ನು ಹಿಡಿಯಲು ಓಡಿದಳು. ಒಳಗೆ ಬಂದು, ಕರುವನ್ನು ಕಟ್ಟಿ, ಕೈ ತೊಳೆದುಕೊಂಡು ಹೇಳಿದಳು: "ಕರುವಿನ ಗೊರಸು ಮೂಡಿದೆ ಕಣ್ರೀ. ನಂದು ಮೂಡಿಲ್ಲ."

ಅದಕ್ಕೂ ಹಿಂದೆ ತಿಪ್ಪಕ್ಕ ಎನ್ನುವ ಮುದುಕಿಯೊಬ್ಬಳು ಹೀಗೆಯೇ ಹೆಜ್ಜೆ ಮೂಡದೆ, ಹೊಳೆಯಾಚೆಯ ಮಗಳ ಮನೆಗೆ ಹೋಗಿ ಒಂದು ವರ್ಷ ಇದ್ದು ಬಂದಿದ್ದಳು. ಬಂದ ಮೇಲೆ ಅವಳ ಹೆಜ್ಜೆ ಮತ್ತೆ ಮೂಡಿತ್ತು, ಇನ್ನೂ ಹದಿನಾಲ್ಕು ವರ್ಷ ಬದುಕಿದಳು. ವನಜೆ ಅದನ್ನು ನೆನಪಿಸಿದಾಗ ನಾನು, ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದೆ. ಮಗಳು ಕುಮುದ ಆಗ ಒಂಬತ್ತು ವರ್ಷದವಳು, ಅವಳ ಪರೀಕ್ಷೆಯೂ ಹತ್ತಿರವಿತ್ತು. ವನಜೆ ಹೋಗಲಿಲ್ಲ. ಕಾರ್ತೀಕದ ಹೊತ್ತಿಗೆ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಗಾಜಿನ ಚೂರಿನಂಥ ಬೂದಿಯ ಕಣಗಳು ಶ್ವಾಸಕೋಶವನ್ನು ಹೇಗೆ ಕೊರೆಯುತ್ತವೆ ಎಂದು ಮಾತನಾಡಿಸಲು ಬಂದವರಿಗೆಲ್ಲ ವಿವರಿಸಿದೆ. ಕಾರಣ ಗೊತ್ತಿದ್ದರೆ ದುಃಖ ಹಿಡಿತದಲ್ಲಿರುತ್ತದೆ ಎಂದು ಆಗ ನಂಬಿದ್ದೆ.

ಈ ಸಲ ಬೆಟ್ಟ ಕೆಮ್ಮಿದ ವಾರ ನಾನು ದಿಣ್ಣೆಯಿಂದ ಇಳಿಯುವಾಗ ಜಾರಿ ಬಲಗಾಲು ಉಳುಕಿಸಿಕೊಂಡಿದ್ದೆ. ಎಲೆ ಅರೆದು ಹಚ್ಚಿ, ಪಾದದಿಂದ ಮೀನಖಂಡದವರೆಗೆ ಬಟ್ಟೆ ಸುತ್ತಿದ್ದರು. ತಟ್ಟೆ ಬಡಿಯುವ ಮೊದಲು ದ್ಯಾವಕ್ಕ ಜಗಲಿಯ ಮೇಲೆ ಬಂದು ನಿಂತಳು.

"ಏಳೋ ತಮ್ಮ. ಇಬ್ಬರು ಹಿಡ್ಕೊಂಡು ನಡೆಸ್ತಾರೆ."

"ಕಾಲು ಊರೋಕೆ ಆಗಲ್ಲ ಅಕ್ಕ."

"ಹುಟ್ಟಿದಾಗಿಂದ ಸಾಲು ತಪ್ಪಿಸಿದೋನಲ್ಲ ನೀನು."

"ಹುಟ್ಟಿದಾಗಿಂದ ಕಾಲು ಉಳುಕಿಸಿಕೊಂಡೋನೂ ಅಲ್ಲ."

ಒಳಗಿನಿಂದ ಬಂದ ಕುಮುದ, "ಬಿಡು ಅತ್ತೆ, ಮಗ್ಗಿ ತಪ್ಪು ಹೇಳಿದ ಹುಡುಗರ ಶಾಪ ತಟ್ಟಿದೆ" ಎಂದಳು. ಅಕ್ಕ ನಕ್ಕು, ಅವಳ ತೋಳಿಗೆ ತೋಳು ಹೆಣೆದುಕೊಂಡು ಹೊರಟಳು. ಹೋಗುವಾಗ ನನ್ನ ಗದ್ದವನ್ನು ಒಮ್ಮೆ ಬೆರಳಿನಿಂದ ಎತ್ತಿದಳು.

ಹೀಗೆ ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಸಾಲನ್ನು ಹೊರಗಿನಿಂದ ನೋಡಿದೆ. ಇನ್ನೂರ ಹನ್ನೆರಡು ಜನ ನನ್ನ ಮುಂದೆ ಹಾದುಹೋದರು. ಮುಂದೆ ಪುಟ್ಟರುದ್ರ, ಹೆಗಲ ಮೇಲೆ ಮೊಮ್ಮಗು. ಮೂರನೆಯ ಸಾಲಿನ ನಡುವೆ ಅಕ್ಕ ಮತ್ತು ಕುಮುದ. ಆಮೇಲೆ ನನ್ನ ಶಾಲೆಯ ಮಕ್ಕಳೆಲ್ಲ. ಕುಮುದಳ ಗೆಜ್ಜೆಯ ಸದ್ದು ಬಾವಿಯ ಕಡೆಗೆ ಕರಗಿತು. ಆಗ ನಾನು ಕೆಳಗೆ ನೋಡಿದೆ.

ಬೂದಿ ನುಣ್ಣಗಿತ್ತು. ರಾತ್ರಿ ಹೇಗೆ ಬಿದ್ದಿತ್ತೋ ಹಾಗೆಯೇ ಇತ್ತು. ಇನ್ನೂರ ಹನ್ನೆರಡು ಜನ ನಡೆದುಹೋದ ಬೀದಿಯ ಮೇಲೆ ಇದ್ದದ್ದು ಒಂದು ಕಾಗೆಯ ಕಾಲಿನ ಗುರುತು ಮಾತ್ರ, ಒಂದು ಬದಿಯಿಂದ ಇನ್ನೊಂದು ಬದಿಗೆ ಕುಪ್ಪಳಿಸಿದ ಏಳು ಹೆಜ್ಜೆ. ಎಣಿಸುತ್ತಿದ್ದಂತೆ ಕಸಬರಿಗೆಯವರು ಬಂದರು. ಅವರೂ ಗದ್ದ ಎತ್ತಿಕೊಂಡು ಗುಡಿಸುತ್ತಿದ್ದರು.

ಸಂಜೆ ಕುಮುದ ಟ್ರಂಕಿನಿಂದ ಬಟ್ಟೆ ತೆಗೆದು ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗೆ?"

"ಹೊಳೆಯಾಚೆ, ಮಾಮನ ಮನೆಗೆ. ನೀನೂ ಬರ್ತೀಯ. ಅತ್ತೇನೂ ಬರ್ತಾಳೆ." ಒಂದು ಲಂಗವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ನಾನು ಕೆಳಗೆ ನೋಡಿಬಿಟ್ಟೆ ಅಪ್ಪ."

ನಾನು ಕಾಲಿನ ಕಟ್ಟು ಸರಿಮಾಡಿಕೊಂಡೆ.

"ನಂದೊಂದೇ ಆಗಿದ್ರೆ ನಿನಗೆ ಹೇಳ್ತಾನೇ ಇರಲಿಲ್ಲ, ಅಮ್ಮನ ಹಾಗೆ ಯಾಕೆ ಹೇಳ್ಬೇಕು. ಅತ್ತೆದೂ ಇರಲಿಲ್ಲ. ಪುಟ್ಟರುದ್ರಣ್ಣಂದೂ ಇರಲಿಲ್ಲ. ತಿರುಗಿ ನೋಡಿದೆ, ಹಿಂದೆ ಯಾರದ್ದೂ ಇರಲಿಲ್ಲ. ಎಲ್ಲರನ್ನೂ ಹೊರಡಿಸಬೇಕು. ನೀನು ಹೇಳಿದ್ರೆ ಕೇಳ್ತಾರೆ."

"ನಾಲ್ಕು ದಿನ ತಡಿ" ಎಂದೆ. "ನೋಡಿ ಹೇಳ್ತೀನಿ."

ಆ ರಾತ್ರಿಯೆಲ್ಲ ಯೋಚಿಸಿದೆ. ಬೆಳಗಿನ ಜಾವ ಸೂರಿನಿಂದ ನಾಲ್ಕು ಹನಿ ತೊಟ್ಟಿಕ್ಕಿದ ಸದ್ದು ಕೇಳಿದ್ದೆನೆಂದು ನೆನಪಾಯಿತು, ಅಥವಾ ನೆನಪಾಯಿತು ಎಂದುಕೊಂಡೆ. ಸಣ್ಣ ಹನಿ ಬಿದ್ದ ಬೂದಿ ಒಣಗುವಾಗ ಅದರಲ್ಲಿರುವ ಸುಣ್ಣದಂಶ ಗಟ್ಟಿಯಾಗಿ ಮೇಲೆ ಒಂದು ಹೆಪ್ಪು ಕಟ್ಟುತ್ತದೆ. ಇದು ಸುಳ್ಳಲ್ಲ, ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಹೆಪ್ಪು ಕಟ್ಟಿದ ಬೂದಿಯಲ್ಲಿ ಹೆಜ್ಜೆ ಮೂಡದಿದ್ದರೆ ಅದರಲ್ಲಿ ಅತಿಶಯವೇನೂ ಇಲ್ಲ. ಕಾಗೆ ಹೆಪ್ಪು ಕಟ್ಟುವ ಮೊದಲೇ ಬಂದು ಹೋಗಿರಬೇಕು. ಬೆಳಿಗ್ಗೆ ಶಾಲೆಯ ಮಳೆಮಾಪಕವನ್ನು ತರಿಸಿ ನೋಡಿದೆ, ಒಣಗಿತ್ತು. ಅಷ್ಟು ಸ್ವಲ್ಪ ನೀರು ಆವಿಯಾಗಿರುತ್ತದೆ ಎಂದುಕೊಂಡೆ.

ಕಸಬರಿಗೆಯವರ ಬುಟ್ಟಿಯಿಂದ ಹತ್ತು ಸೇರು ಬೂದಿ ತರಿಸಿದೆ. ಅರ್ಧವನ್ನು ಎಂದಿನಂತೆ ಮಾದರಿಯ ಡಬ್ಬಿಗೆ ಹಾಕಿ, ಉಳಿದರ್ಧವನ್ನು ವನಜೆಯ ಸಂಡಿಗೆ ಒಣಗಿಸುವ ತಗಡಿನ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿದೆ. ನೀರು ಚಿಮುಕಿಸಿ, ಜಗಲಿಯ ನೆರಳಿನಲ್ಲಿ ಎರಡು ದಿನ ಒಣಗಿಸಿದೆ. ಮೂರನೆಯ ದಿನ ಕುಮುದಳನ್ನು ಕರೆದು, "ಹತ್ತು" ಎಂದೆ.

ಅವಳು ಲಂಗವನ್ನು ಎತ್ತಿ ಹಿಡಿದು ತಗಡಿನ ಮೇಲೆ ನಿಂತಳು. ಇಳಿದಳು. ಇಬ್ಬರೂ ಕೆಳಗೆ ನೋಡಿದೆವು. ಏನೂ ಇರಲಿಲ್ಲ, ಒಂದು ಗೆರೆ ಕೂಡ.

"ನೋಡಿದೆಯಾ? ಹೆಪ್ಪು. ಬೀದಿಯಲ್ಲೂ ಆಗಿದ್ದು ಇಷ್ಟೇ."

ಅವಳ ಮುಖದ ಬಿಗಿ ಸಡಿಲವಾದದ್ದು ನನಗೆ ಕಾಣಿಸಿತು. ಮತ್ತೆ ಹತ್ತಿ ಕುಣಿದಳು, ಗೆಜ್ಜೆ ಸದ್ದಾಯಿತು. ಇಳಿದು ಸೊಂಟಕ್ಕೆ ಕೈಯಿಟ್ಟುಕೊಂಡು, "ಈಗ ನೀನು ಹತ್ತು" ಎಂದಳು.

"ಕಟ್ಟು ಬಿಚ್ಚಬಾರದಂತೆ."

"ಎಡಗಾಲಿದೆಯಲ್ಲ."

"ಒಂಟಿಕಾಲಲ್ಲಿ ನಿಲ್ಲೋಕೆ ನಾನೇನು ಕೊಕ್ಕರೆನಾ?"

"ಕೊಕ್ಕರೆ ಮೇಷ್ಟ್ರು" ಎಂದು ನಕ್ಕಳು. ಒಳಗೆ ಹೋಗಿ ಚೀಲದಿಂದ ಬಟ್ಟೆಗಳನ್ನು ತೆಗೆದು ಒಂದೊಂದಾಗಿ ಟ್ರಂಕಿಗೆ ಇಡುವ ಸದ್ದು ಜಗಲಿಗೆ ಕೇಳುತ್ತಿತ್ತು. ನಾನು ತಗಡಿನ ಬೂದಿಯನ್ನು ಬಾಳೆಗಿಡದ ಬುಡಕ್ಕೆ ಸುರಿದೆ.

ಯಾವ ಪ್ರಯೋಗವೇ ಆಗಲಿ, ಹೋಲಿಸಿ ನೋಡಲು ಇನ್ನೊಂದು ಇರಬೇಕು. ಇದನ್ನು ಇಪ್ಪತ್ತಾರು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಎರಡು ಕುಂಡ ಇಡಿ, ಒಂದಕ್ಕೆ ಬಿಸಿಲು, ಒಂದಕ್ಕೆ ಕತ್ತಲು. ಎರಡನೆಯ ಕುಂಡವಿಲ್ಲದೆ ಉತ್ತರ ಬರೆದವರಿಗೆ ಸೊನ್ನೆ ಕೊಟ್ಟಿದ್ದೇನೆ.

ಅಕ್ಕ ಅಂದು ಸಂಜೆ ಬಂದು ಕಂಬಕ್ಕೆ ಒರಗಿ ಕೂತಳು. "ತಗಡಿನ ಮೇಲೆ ಏನೋ ಮಾಡಿದೆಯಂತೆ."

"ಬೂದಿ ಹೆಪ್ಪುಗಟ್ಟಿತ್ತು ಅಕ್ಕ. ಹನಿ ಬಿದ್ದಿತ್ತಲ್ಲ."

"ಹಂಗಾ." ಅವಳು ತನ್ನ ಅಂಗಾಲನ್ನು ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿಕೊಂಡಳು. "ಕಾಲಿಗೆ ಮೆತ್ತಗಾಗಲಿಲ್ಲ ಅವತ್ತು. ಕಣ್ಣು ನೋಡದಿದ್ರೂ ಕಾಲಿಗೆ ಗೊತ್ತಾಗುತ್ತೆ ಕಣೋ. ನಂದು ಮುಗೀತು ಅಂದ್ಕೊಂಡಿದ್ದೆ. ಕಂಚಿನ ತಟ್ಟೆನ ಪುಟ್ಟರುದ್ರನ ಸೊಸೆಗೆ ಕೊಟ್ಟೂ ಬಂದೆ. ನಾಚಿಕೆಗೇಡು, ಈಗ ವಾಪಸು ಕೇಳ್ಬೇಕು."

ಮಾರನೆಯ ದಿನದಿಂದ ಜನ ಬರಲು ಶುರುಮಾಡಿದರು. ಪುಟ್ಟರುದ್ರ ಒಂದು ಗಡಿಗೆ ಮೊಸರು ತಂದ. ಕಸಬರಿಗೆಯವರು ಸೋರೆಕಾಯಿ ತಂದರು. ಒಬ್ಬಳು ಕೋಳಿಯನ್ನೇ ಜಗಲಿಗೆ ಕಟ್ಟಿ ಹೋದಳು. ಯಾಕೆ ಎಂದು ಯಾರೂ ಹೇಳಲಿಲ್ಲ. ಹವೆ, ಎಮ್ಮೆ, ನನ್ನ ಕಾಲು ಎಂದು ಮಾತನಾಡಿ, ಏಳುವಾಗ ಪ್ರತಿಯೊಬ್ಬರೂ, "ಹೆಪ್ಪಂತೆ ಅಲ್ವಾ ಮೇಷ್ಟ್ರೇ" ಎಂದು ಮೆಲ್ಲಗೆ ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ಪುಟ್ಟರುದ್ರ ಹೊಳೆಯಾಚೆ ಹೋಗಲು ಹೇಳಿದ್ದ ಬೆಳಗಿನ ಗಾಡಿಯನ್ನು ಬೇಡವೆಂದು ಕಳಿಸಿದ್ದನಂತೆ. ಇನ್ನೂ ಮೂರು ಮನೆಯವರು ಗಂಟುಮೂಟೆ ಬಿಚ್ಚಿದ್ದರು. ಆಗ ನನಗೆ ಅರ್ಥವಾಯಿತು: ಇಡೀ ಊರಿಗೆ ಅಂಗಾಲಿನಿಂದ ಗೊತ್ತಾಗಿತ್ತು. ತೋಳಿಗೆ ತೋಳು ಹೆಣೆದು ನಡೆದವರು, ಪ್ರತಿಯೊಬ್ಬರೂ ತಮ್ಮೊಬ್ಬರದೇ ಮೂಡಲಿಲ್ಲವೆಂದು ತಿಳಿದು, ಪಕ್ಕದವರಿಗೆ ತಿಳಿಯದಿರಲೆಂದು ಎಮ್ಮೆಯ ಮಾತು ಆಡುತ್ತಿದ್ದರು. ಒಬ್ಬರು ಬಾಯಿಬಿಟ್ಟಿದ್ದರೂ ಸಾಕಿತ್ತು. ಬಾಯಿಬಿಟ್ಟವನು ನಾನು, ಹೆಪ್ಪು ಎಂದೆ.

ಅರ್ಥವಾದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಬದಲು ದಿಣ್ಣೆಗೆ ಹೋಗಿ ಕಾಗದ ಬದಲಿಸುತ್ತಿದ್ದ ಹುಡುಗ ತಂದ ಸುರುಳಿಗಳಲ್ಲಿ ಯಂತ್ರದ ಸೂಜಿ ಹನ್ನೊಂದು ದಿನದಿಂದ ನೇರ ಗೆರೆ ಎಳೆದಿತ್ತು. ಬೆಟ್ಟ ಇಷ್ಟು ಶಾಂತವಾಗಿ ಎಂದೂ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗಂಟಲು ಕಟ್ಟಿಕೊಂಡ ಬೆಟ್ಟವೂ ಶಾಂತವಾಗಿಯೇ ಇರುತ್ತದೆ. ಅದನ್ನೂ ಓದಿದ್ದೆ.

ಕಾಲು ಸರಿಹೋಗಿ ಮೊದಲ ಗುರುವಾರ ನಸುಕಿನಲ್ಲೇ ಹೊರಟೆ. ಕುಮುದ ಬುತ್ತಿ ಕಟ್ಟಿಕೊಟ್ಟು, "ಇವತ್ತು ಸೂರು ಗುಡಿಸೋ ಸರದಿ ನಮ್ಮದು, ಇಲ್ಲಾಂದ್ರೆ ಬರ್ತಿದ್ದೆ" ಎಂದಳು. "ಜಾರಬೇಡ, ಕೆಳಗೆ ನೋಡ್ಕೊಂಡು ಇಳಿ. ಅಲ್ಲಿ ಯಾರೂ ನೋಡಲ್ಲ." ಹತ್ತು ಗಂಟೆಗೆ ಕಾಗದ ಬದಲಿಸಿದೆ, ಮಾದರಿಯ ಡಬ್ಬಿಯನ್ನು ಕಪಾಟಿಗೆ ಸೇರಿಸಿದೆ. ಹನ್ನೊಂದೂ ಇಪ್ಪತ್ತೆರಡಕ್ಕೆ ಸೂಜಿ ಒಮ್ಮೆ ನಡುಗಿ ಕಾಗದದ ಅಂಚಿನಿಂದಾಚೆಗೆ ಹೋಯಿತು.

ಹೊರಗೆ ಬಂದು ನೋಡಿದೆ. ಬೆಟ್ಟದ ಈ ಕಡೆಯ ಮಗ್ಗುಲು ಇರಲಿಲ್ಲ. ಅಲ್ಲಿಂದ ಒಂದು ಬೂದು ಮೋಡ ಮೇಲಕ್ಕೇಳದೆ, ಇಳಿಜಾರನ್ನು ಅಪ್ಪಿಕೊಂಡು ಊರಿನ ಕಡೆ ಇಳಿಯುತ್ತಿತ್ತು. ಸದ್ದು ಇನ್ನೂ ನನ್ನನ್ನು ಮುಟ್ಟಿರಲಿಲ್ಲ. ಅಷ್ಟು ದೂರಕ್ಕೆ ಸೂರುಗಳು ಕಾಣುತ್ತಿದ್ದವು, ಸೂರಿನ ಮೇಲಿನ ಜನ ಕಾಣುತ್ತಿರಲಿಲ್ಲ. ಶಾಲೆ ಮುಚ್ಚಿಹೋಯಿತು, ಗಿರಣಿ ಮುಚ್ಚಿಹೋಯಿತು, ಬಾವಿಯ ಬಳಿಯ ಆಲದ ಮರ ಒಮ್ಮೆ ಹೊತ್ತಿ ಮುಚ್ಚಿಹೋಯಿತು. ಕೈಗಡಿಯಾರ ನೋಡಿಕೊಳ್ಳುತ್ತಿದ್ದೆನೆಂದು ಆಮೇಲೆ ತಿಳಿಯಿತು. ಯಂತ್ರದ ದಾಖಲೆ ಪುಸ್ತಕದಲ್ಲಿ ನನ್ನ ಅಕ್ಷರದಲ್ಲಿಯೇ ಬರೆದಿದೆ: ಬೆಟ್ಟದಿಂದ ಹೊಳೆಗೆ ನಾಲ್ಕು ನಿಮಿಷ. ಅಕ್ಷರ ಅಲುಗಿಲ್ಲ.

ಹೊಳೆ ಮೂರು ದಿನ ಬಿಸಿ ಕೆಸರಾಗಿ ಹರಿಯಿತು. ಮೀನುಗಳು ಬೆಂದು ದಡಕ್ಕೆ ಬಿದ್ದವು. ಸೇತುವೆ ಹೋಯಿತು. ಸೂರ್ಯ ತಿಂಗಳುಗಟ್ಟಲೆ ತವರದ ಬಿಲ್ಲೆಯಂತೆ ಬರಿಗಣ್ಣಿನಿಂದ ನೋಡಲಾಗುವಷ್ಟು ಮಂಕಾಗಿದ್ದ. ಈ ದಡದ ಊರುಗಳಲ್ಲೂ ರಾಗಿ ತೆನೆ ಕಟ್ಟಲಿಲ್ಲ, ದನಗಳು ಮಂಡಿಯೂರಿ ಏಳಲಿಲ್ಲ. ವನಜೆಯ ಅಣ್ಣ ನನ್ನನ್ನು ಮನೆಗೆ ಕರೆದುಕೊಂಡು ಹೋದ. ಕುಮುದಳಿಗೆಂದು ಎಂದೋ ಸುಣ್ಣ ಬಳಿಸಿದ್ದ ಕೋಣೆಯನ್ನು ನನಗೆ ಕೊಟ್ಟರು. ಒಂದು ವಾರವಿದ್ದು ಯಂತ್ರದ ಕೋಣೆಗೆ ವಾಪಸಾದೆ. ಪಟ್ಟಣದಿಂದ ತಜ್ಞರು ಬಂದು ಕಾಗದದ ಸುರುಳಿಗಳನ್ನು ಒಯ್ದರು. ಅವರಲ್ಲಿ ಹಿರಿಯರೊಬ್ಬರು ನನ್ನ ಕೈ ಹಿಡಿದು, ಇಷ್ಟು ಅಚ್ಚುಕಟ್ಟಾದ ದಾಖಲೆ ಎಲ್ಲೂ ನೋಡಿಲ್ಲ ಎಂದರು. "ಮುನ್ಸೂಚನೆ ಏನಾದರೂ ಇತ್ತಾ?" ಎಂದು ಕೇಳಿದರು. ಯಂತ್ರದಲ್ಲಿ ಇರಲಿಲ್ಲ ಎಂದೆ.

ಒಂಬತ್ತು ತಿಂಗಳು ಕಪಾಟಿನಲ್ಲಿದ್ದ ಆ ಡಬ್ಬಿಯನ್ನು ಮುಟ್ಟಲಿಲ್ಲ. ಮೊನ್ನೆ ಹತ್ತಿರದ ಹಳ್ಳಿಯ ಸಂತೆಯಲ್ಲಿ ಸಂಡಿಗೆ ಒಣಗಿಸುವ ತಗಡೊಂದನ್ನು ಕಂಡು ತಂದೆ. ಅದೇ ಬೂದಿ, ಎರಡು ಬೆರಳು ದಪ್ಪ. ಅಷ್ಟೇ ನೀರು ಚಿಮುಕಿಸಿದೆ. ನೆರಳಿನಲ್ಲಿ ಎರಡು ದಿನ ಒಣಗಿಸಿದೆ. ಬೆರಳಿನಿಂದ ತಟ್ಟಿ ನೋಡಿದೆ. ಮೇಲೆ ಹೆಪ್ಪು ಕಟ್ಟಿತ್ತು, ಗಟ್ಟಿಯಾಗಿಯೇ ಇತ್ತು. ಅಷ್ಟರಮಟ್ಟಿಗೆ ನಾನು ಹೇಳಿದ್ದು ನಿಜ. ಅಂದು ಹತ್ತದಿದ್ದದ್ದು ಕಾಲಿನ ನೋವಿನಿಂದಲೋ, ನನ್ನದು ಮೂಡಿಬಿಟ್ಟರೆ ಎಂಬ ಭಯದಿಂದಲೋ ಎಂದು ಈ ಒಂಬತ್ತು ತಿಂಗಳೂ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿದೆ.

ಬಲಗಾಲಿನ ಚಪ್ಪಲಿ ಬಿಟ್ಟು ತಗಡಿನ ಮೇಲೆ ಪಾದವಿಟ್ಟೆ. ಹೆಪ್ಪು ಹಪ್ಪಳದಂತೆ ಸದ್ದು ಮಾಡಿ ಮುರಿಯಿತು. ಕುಮುದ ನಿಂತಾಗ, ಕುಣಿದಾಗ ಕೂಡ, ಗೆಜ್ಜೆಯದಲ್ಲದೆ ಬೇರೆ ಸದ್ದು ಬಂದಿರಲಿಲ್ಲ. ಕಾಲು ತೆಗೆದು ಸ್ಕೇಲು ಇಳಿಬಿಟ್ಟೆ. ಒಂದು ಬೆರಳು ಆಳ. ದಿನಾಂಕ ಹಾಕಿ ಬರೆದುಕೊಂಡೆ.

ಹಿಮ್ಮಡಿ, ಅಂಗಾಲಿನ ಗೆರೆಗಳು, ಐದೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಬಗ್ಗಿ ಅದನ್ನೇ ನೋಡುತ್ತ ಕೂತೆ. ಸಂಜೆಯವರೆಗೂ ಕೂತಿದ್ದೆ. ನನ್ನ ಗದ್ದ ಹಿಡಿದು ಎತ್ತುವವರು ಯಾರೂ ಇರಲಿಲ್ಲ.